ಕಿಡಿಯ ನಾಡಿ ಹಿಡಿದ ಮೇಡಂ

ಮೊನ್ನೆ ಚಿಂತಾಮಣಿ ಬಸ್ ನಿಲ್ದಾಣದ ಪಕ್ಕ ಕಬ್ಬಿನ ಹಾಲಿನ ಗಾಡಿಯೊಂದರ ಇಂಜಿನ್ ಹೊಗೆ ಮೂಗಿಗೆ ಬಡಿಯಿತು. ಅರೆಬೆಂದ ಸೀಮೆಎಣ್ಣೆಯ ವಾಸನೆ... ಮಗಳು ಮೂಗಿಗೆ ವೇಲ್ ಅಡ್ಡ ಹಿಡಿದು ದೂರ ಸರಿದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಮೇಡಂ ಕಣ್ಣ ಮುಂದೆ ಬಂದಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದಲ್ಲಿ ನಾನೂ ನಮ್ಮ ಯಜಮಾನರೂ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುತ್ತಿದ್ದೆವು. ಮೇಡಂ ಚಿಂತಾಮಣಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಹೆಣ್ಣೊಬ್ಬಳು ಒಬ್ಬಳೇ ಮನೆ ಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂತಿಗೆ ಬೆಸುಗೆ ಹಾಕುತ್ತ ಕೂರುವುದನ್ನು ನಮ್ಮ ಬೀದಿ ಕಂಡದ್ದು ಅದೇ ಮೊದಲು.

ಆ ಬೇಸಿಗೆಯಲ್ಲಿ ಹಗಲೆಲ್ಲ ಕರೆಂಟು ಇರುತ್ತಿರಲಿಲ್ಲ. ಮೊಟ್ಟೆಗಳನ್ನು ತಣ್ಣಗಿಡುವ ಯಂತ್ರಕ್ಕೆ ಹಳೆಯ ಸೀಮೆಎಣ್ಣೆ ಜನರೇಟರೇ ಗತಿ. ಅದರ ವೇಗವನ್ನು ಹಿಡಿದಿಡುವ ಭಾಗ ಸವೆದುಹೋಗಿತ್ತು, ಬದಲಿ ಎಲ್ಲೂ ಸಿಗಲಿಲ್ಲ. ತಂಪಿನ ಯಂತ್ರ ಶುರುವಾದರೆ ಇಂಜಿನ್ ಕುಗ್ಗುವುದು, ಅದು ನಿಂತರೆ ಇಂಜಿನ್ ಭೋರೆಂದು ಎಗರುವುದು. ಹೀಗೆ ಏರಿಳಿದು ತಂಪಿನ ಯಂತ್ರದ ಮೋಟಾರು ಸುಟ್ಟು, ಒಂದು ಪಾಳಿಯಲ್ಲಿ ತಯಾರಾದ ಮೊಟ್ಟೆಗಳೆಲ್ಲ ಸೆಕೆಗೆ ಸತ್ತವು. ಅಂಬಾಜಿದುರ್ಗದ ಕಡೆಯ ರೈತರು ಹಿಪ್ಪುನೇರಳೆ ಸೊಪ್ಪು ಬೆಳೆಸಿಕೊಂಡು ನಮ್ಮ ದಾರಿ ಕಾಯುತ್ತಿದ್ದರು. ಇನ್ನೊಮ್ಮೆ ಹಾಗಾದರೆ ನಮ್ಮನ್ನು ಯಾರು ನಂಬುತ್ತಾರೆ?

ಒಂದು ಭಾನುವಾರ ಮೇಡಂ ಕೆಳಗಿಳಿದು ಬಂದು ಇಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಅಕ್ಕಾ, ಇದು ಸುತ್ತಿಗೊಂದು ಕಿಡಿ ಹಾಕುತ್ತೆ. ಆ ಕಿಡೀನೇ ಇದರ ನಾಡಿ. ನಾಡಿ ಹಿಡಿದ್ರೆ ಎಷ್ಟು ಜೋರಾಗಿ ಓಡ್ತಿದೆ ಅಂತ ಗೊತ್ತಾಗುತ್ತೆ. ಆಮೇಲೆ ಹಿಡಿತಕ್ಕೆ ತರಬಹುದು.”

ಕಿಡಿ ಹೋಗುವ ತಂತಿಯ ಮೇಲೆ ಇನ್ನೊಂದು ತೆಳು ತಂತಿ ಸುತ್ತಿದರು. ಒಳಗೆ ಕಿಡಿ ಹಾರಿದಾಗಲೆಲ್ಲ ಈ ತಂತಿಯಲ್ಲೊಂದು ಮಿಡಿತ. ಅವರೇ ಮಾಡಿದ ತಗಡಿನ ಡಬ್ಬಿಯೊಳಗಿನ ಸರ್ಕ್ಯೂಟು ಆ ಮಿಡಿತ ನೋಡಿಕೊಂಡು, ಪುಟ್ಟ ಮೋಟಾರಿನಿಂದ ಆಕ್ಸಿಲರೇಟರನ್ನು ಎಳೆಯಬೇಕು, ಬಿಡಬೇಕು.

“ದಾರ ಕಟ್ಟಿದ್ರೆ ಇಂಜಿನ್ನು ಮಾತು ಕೇಳುತ್ತಾ ಮೇಡಂ?” ಯಜಮಾನರು ನಕ್ಕರು.

“ಕೇಳ್ದಿದ್ರೆ ಬಿಚ್ಚಾಕಣ ಬಿಡಿ ಅಣ್ಣಾ.”

ಕೇಳಲಿಲ್ಲ. ಡಬ್ಬಿ ಜೋಡಿಸಿದೊಡನೆ ಇಂಜಿನ್ ಕೆಮ್ಮಿ ನಿಂತಿತು. ಮತ್ತೆ ಹಚ್ಚಿದರೂ ಅದೇ. ಮೇಡಂ ಬಿಡಲಿಲ್ಲ. ಕಾಲೇಜಿನಲ್ಲಿ ಅನುಮತಿ ಕೇಳಿ, ರಜೆಯ ದಿನ, ಮಿಡಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಪೆಟ್ಟಿಗೆಯನ್ನೇ ಬಾಡಿಗೆ ಕಾರಿನಲ್ಲಿ ತಂದರು. ಅದರ ಹಸಿರು ಗೆರೆಯನ್ನು ನೋಡಿ ಮೇಡಂ ನಕ್ಕುಬಿಟ್ಟರು.

“ನೋಡಿ ಅಕ್ಕಾ, ಗಂಟೆ ಹೊಡೆದ ಮೇಲೂ ಗುಂಯ್ ಅಂತಿರುತ್ತಲ್ಲ, ಹಂಗೆ ಕಿಡಿ ಆದ್ಮೇಲೂ ನಡುಕ ಇದೆ. ಅದನ್ನೂ ಕಿಡಿ ಅಂದ್ಕೊಂಡು, ಇಂಜಿನ್ ಸಿಕ್ಕಾಪಟ್ಟೆ ಓಡ್ತಿದೆ ಅಂತ ನನ್ನ ಡಬ್ಬಿ ಅದರ ಕತ್ತು ಹಿಸುಕ್ತಿದೆ. ತಪ್ಪು ನಂದೇ.”

ಒಂದು ಕಿಡಿ ಕೇಳಿದ ಮೇಲೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಡಬ್ಬಿ ಕಿವುಡಾಗುವಂತೆ ಮಾಡಿದರು. ಅಷ್ಟೇ. ತಂಪಿನ ಯಂತ್ರ ಶುರುವಾಯಿತು. ಇಂಜಿನ್ ಒಮ್ಮೆ ಕುಗ್ಗಿ, ಉಸಿರು ಎಳೆದುಕೊಂಡವರಂತೆ ಚೇತರಿಸಿಕೊಂಡು, ಒಂದೇ ಶ್ರುತಿಯಲ್ಲಿ ಓಡತೊಡಗಿತು. ಬಲ್ಬು ಮಂಕಾಗಲಿಲ್ಲ. ಯಜಮಾನರು ಒಳಗೆ ಹೋಗಿ ಮೇಡಂಗೆ ಕಾಫಿ ಮಾಡಿ ತಂದರು. ಅವರು ಒಲೆ ಮುಂದೆ ನಿಂತದ್ದನ್ನು ನಾನು ನೋಡಿದ್ದು ಅಂದೇ.

ಆ ಬೇಸಿಗೆಯ ಮೊಟ್ಟೆಗಳೆಲ್ಲ ಉಳಿದವು. ರೈತರ ಮನೆಗಳಲ್ಲಿ ಹುಳುಗಳು ಗೂಡು ಕಟ್ಟಿದವು. ಮುಂದೆ ಮೇಡಂಗೆ ದೂರದೂರಿಗೆ ವರ್ಗವಾಯಿತು. “ಬರ್ತೀನಿ ಅಕ್ಕಾ,” ಎಂದು ಹೊರಟವರಿಗೆ ಮತ್ತೆ ಬರಲಾಗಲಿಲ್ಲ. ತೀರಿಕೊಂಡ ಸುದ್ದಿ ಅವರ ವಿದ್ಯಾರ್ಥಿಯೊಬ್ಬರಿಂದ ತಿಳಿದಾಗ ಆಗಲೇ ತಿಂಗಳುಗಳು ಕಳೆದಿದ್ದವು...

ಕತ್ತಲಲ್ಲಿಟ್ಟ, ಮೊಟ್ಟೆ ಅಂಟಿದ ಹಾಳೆಗೆ ಬೆಳಗಿನ ಬೆಳಕು ತಾಗಿದರೆ ಮರಿಹುಳುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಅದನ್ನೊಮ್ಮೆ ನೋಡಬೇಕೆಂದು ಮೇಡಂಗೆ ಬಹಳ ಆಸೆಯಿತ್ತು. ಪ್ರತಿ ಸಲವೂ ಕಾಲೇಜಿನ ಬಸ್ಸಿಗೆ ಹೊತ್ತಾಗಿಬಿಡುತ್ತಿತ್ತು. “ಮುಂದಿನ ಪಾಳಿ ತಪ್ಪದೆ ತೋರಿಸ್ತೀನಿ,” ಎನ್ನುತ್ತಿದ್ದೆ. ಈಗಲೂ ಆ ಹೊತ್ತಿಗೆ ನಾನೊಬ್ಬಳೇ ಕಿಟಕಿ ತೆರೆದು ನಿಲ್ಲುತ್ತೇನೆ. ಮರಿಗಳು ಹೊರಬರುತ್ತವೆ. ಕರೆದು ತೋರಿಸೋಣವೆಂದರೆ ಮೇಡಂ ಇಲ್ಲ.