ಬಾವಿಗೆ ಮೂಲೆ ಇಲ್ಲ

ಬಾವಿ ತೋಡುವ ವಾಸಪ್ಪನಿಗೆ ಲೋಕದಲ್ಲಿ ಎರಡೇ ಜಾತಿ: ನಡುವಿನಿಂದ ಅಳೆಯುವವರು, ಮೂಲೆಯಿಂದ ಅಳೆಯುವವರು. ಎರಡನೆಯವರನ್ನು ಕಂಡರೆ ಅವನಿಗೆ ಕಾಲಕಸ. ಮೇಸ್ತ್ರಿ, ಆಚಾರಿ, ಪಂಚಾಯತಿನ ಓವರ್ಸಿಯರ್, ಯಾರನ್ನೂ ಬಿಡುತ್ತಿರಲಿಲ್ಲ. "ಗೋಡೆ ಹಿಡಿದು ನಡೆಯುವ ಜಾತಿ" ಎಂದು ಎಲೆಅಡಿಕೆ ಉಗುಳುತ್ತಿದ್ದ.

ಅವನ ವಿದ್ಯೆ ಇಷ್ಟೇ. ಬಾವಿಯ ಬಾಯಿಗೆ ಅಡ್ಡ ಒಂದು ತೊಲೆ, ಅದರ ನಡುವಿನಿಂದ ದಾರ, ದಾರದ ತುದಿಗೆ ತೂಗುಗುಂಡು. ಬಾವಿಯ ಅರ್ಧ ಅಗಲದ ಕೋಲನ್ನು ದಾರಕ್ಕೆ ತಾಗಿಸಿ ಸುತ್ತ ತಿರುಗಿಸಿದರೆ ಕೆಂಪು ಮುರಕಲ್ಲಿನ ಗೋಡೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ತಿಳಿಯುತ್ತದೆ. ಎಷ್ಟು ಆಳ, ದಾರದಿಂದ ಎಷ್ಟು ದೂರ, ಯಾವ ದಿಕ್ಕು: ಈ ಮೂರು ಸಿಕ್ಕಿದರೆ ಬಾವಿಯೊಳಗಿನ ಯಾವ ಕಲ್ಲಿನ ವಿಳಾಸವೂ ಸಿಕ್ಕಿದಂತೆ. ದಿನಾ ಬೆಳಿಗ್ಗೆ ಹಾರೆ ಮುಟ್ಟುವ ಮೊದಲು ವಾಸಪ್ಪ ಮೇಲಿನಿಂದ ತಳದವರೆಗೆ ಕೋಲು ತಿರುಗಿಸುತ್ತ ಇಳಿಯುವನು. ಬೇರೆಯವರು ಕೊನೆಗೆ ಬಾವಿಗೆ ಇಳಿಸುವ ಸಿಮೆಂಟ್ ರಿಂಗಿಗೆ ಸುತ್ತ ಒಂದು ಗೇಣು ಎಡೆ ಬಿಟ್ಟರೆ ಇವನು ಬಿಡುವುದು ಒಂದಿಂಚು. ಇಪ್ಪತ್ತು ವರ್ಷದಲ್ಲಿ ಒಂದು ರಿಂಗೂ ಸಿಕ್ಕಿಬಿದ್ದಿರಲಿಲ್ಲ. ಅವನ ಹೆಸರು ನಿಂತದ್ದೇ ಆ ಒಂದಿಂಚಿನ ಮೇಲೆ.

೧೯೯೧ರ ಮಾರ್ಚಿನಲ್ಲಿ ನಾಯ್ಮಾರ್ಮೂಲೆಯ ಹತ್ತಿರ ಶಿವಸುಬ್ರಹ್ಮಣ್ಯ ಮಾಸ್ತರರ ಹಿತ್ತಿಲಲ್ಲಿ ಕೆಲಸ ಹಿಡಿದ. ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಗ್ರಾಫ್ ಕಾಗದ ತೊಡೆಯ ಮೇಲಿಟ್ಟು ದಂಡೆಯಲ್ಲಿ ಕುರ್ಚಿ ಹಾಕಿ ಕೂತರು.

"ಒಂದು ಬಿಂದು ಎಲ್ಲಿ ಉಂಟೂಂತ ಹೇಳ್ಲಿಕ್ಕೆ ಎರಡು ಗೋಡೆಯಿಂದ ದೂರ ಬೇಕು ವಾಸಪ್ಪ. ಎಕ್ಸ್, ವೈ."

"ಬಾವಿಗೆ ಎಂತದ್ದು ಗೋಡೆ, ಎಂತದ್ದು ಮೂಲೆ ಮಾಸ್ಟ್ರೇ?" ಎಂದ ವಾಸಪ್ಪ. ಇಂಥವರ ಕೈಯಲ್ಲಿ ಕಲಿತ ಮಕ್ಕಳು ಉದ್ಧಾರವಾದ ಹಾಗೆಯೇ ಎಂದುಕೊಂಡ.

ನಡುವೆ ಎರಡು ದಿನ ಅವನಿಗೆ ಜ್ವರ ಬಂತು. ಜತೆಯಾಳು ಕಿನ್ನಿ ತೋಡುತ್ತಿದ್ದ. ಮಾಸ್ತರರು ಕಾಂಪೌಂಡಿನ ಎರಡು ಗೋಡೆಯಿಂದ ಟೇಪು ಹಿಡಿದು ನೋಡಿದರು. ತೊಲೆಯ ನಡು ತಮ್ಮ ನಕ್ಷೆಗಿಂತ ಮೂರಿಂಚು ಆಚೆ ಇತ್ತು. ತೊಲೆಯನ್ನೇ ಸರಿಸಿಬಿಟ್ಟರು. ಕಾಂಪೌಂಡಿನ ಮೂಲೆಯೇ ಸೊಟ್ಟ ಎಂಬುದು ಆ ಮಹಾಶಯರಿಗೆ ಹೊಳೆಯಲಿಲ್ಲ. ಕಿನ್ನಿಗೆ ದಾರವೇ ದೇವರು. ಅದು ಎಲ್ಲಿ ಇಳಿದಿತ್ತೋ ಅಲ್ಲಿಂದ ಅಳೆದು ತೋಡಿದ.

ಮೂರನೆಯ ದಿನ ವಾಸಪ್ಪ ಬಂದು ಕೋಲಿಗೆ ಕೈಯಿಟ್ಟ.

"ಅಳೀರಿ, ಅಳೀರಿ. ನಾನೂ ಬರ್ಕೊಳ್ತೇನೆ" ಎಂದರು ಮಾಸ್ತರರು.

ವಾಸಪ್ಪನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಈ ಮನುಷ್ಯ ಬರೆದುಕೊಳ್ಳಲಿಕ್ಕೆ ತಾನು ಅಳೆಯಬೇಕೇ? "ನನಗೆ ಕಣ್ಣುಂಟು" ಎಂದು ಬರಿಗೈಯಲ್ಲಿ ಇಳಿದ. ಆ ಕುರ್ಚಿ ದಂಡೆಯಲ್ಲಿದ್ದ ಒಂಬತ್ತು ದಿನವೂ ಮೇಲಿನ ಗೋಡೆಗೆ ಕೋಲು ತಾಗಿಸಲಿಲ್ಲ, ಕಿನ್ನಿ ತೋಡಿದ ನೇರಕ್ಕೇ ತೋಡುತ್ತ ಹೋದ.

ನೀರು ಸಿಕ್ಕಿತು. ಸೀತಾಂಗೋಳಿಯಿಂದ ಲಾರಿಯಲ್ಲಿ ರಿಂಗ್ ಬಂತು. ಮೊದಲನೆಯದು ಸರಪಳಿಯಲ್ಲಿ ಇಪ್ಪತ್ತಡಿ ಇಳಿದು ಕಲ್ಲಿಗೆ ಕಚ್ಚಿ ನಿಂತಿತು. ಎತ್ತಿ ತಿರುಗಿಸಿದರೂ ಅಲ್ಲೇ ನಿಂತಿತು. ವಾಸಪ್ಪ ಈಗ ಕೋಲು ಹಿಡಿದು ಇಳಿದು ನೋಡಿದ. ಇಪ್ಪತ್ತಡಿಯ ಕೆಳಗೆ ಬಾವಿಯೇ ಮೂರಿಂಚು ಪಕ್ಕಕ್ಕೆ ಸರಿದಿತ್ತು.

ಮೇಲೆ ಬಂದಾಗ ಮಾಸ್ತರರು ಕುರ್ಚಿಯಿಂದ ಎದ್ದು ನಿಂತಿದ್ದರು. "ತೊಲೆ ಸರಿಸಿದ್ದು ನಾನು ವಾಸಪ್ಪ. ತಪ್ಪು ನನ್ನದೇ."

ಇಪ್ಪತ್ತು ವರ್ಷದ ಬೈಗುಳವೆಲ್ಲ ವಾಸಪ್ಪನ ನಾಲಗೆಯ ತುದಿಗೆ ಬಂದು ಕೂತಿತು. ಆದರೆ ಈ ಮನುಷ್ಯ ಮೂಲೆಯಿಂದಲಾದರೂ ಅಳೆದಿದ್ದ. ಅಳೆಯದೇ ಇದ್ದವನಿಗೆ ವಾಸಪ್ಪನ ಎರಡು ಜಾತಿಗಳಲ್ಲಿ ಜಾಗವೇ ಇರಲಿಲ್ಲ.

"ನಿಮ್ಮದು ಎರಡು ದಿನದ್ದು ಮಾಸ್ಟ್ರೇ. ಉಳಿದ ಒಂಬತ್ತು ದಿನ ನನ್ನದು" ಎಂದ. ಕಲ್ಲು ಕೆತ್ತುವ ಉಳಿ ಸೊಂಟಕ್ಕೆ ಸಿಕ್ಕಿಸಿ ಕೋಲು ಎತ್ತಿಕೊಂಡ. "ಕಾಗದ ತನ್ನಿ. ನಾನು ಹೇಳ್ತಾ ಹೋಗ್ತೇನೆ, ಬರ್ಕೊಳ್ಳಿ."