ಬಾಗಿಲಿಗೆ ಬರುತ್ತಿದ್ದ ಗಾಡಿ

ಕಟ್ಟೆಯ ಮೇಲೆ ಸುಮ್ಮನೆ ಕೂತಾಗಲೂ ಅವರ ಬಲಗಾಲು ನೆಲವನ್ನು ಒತ್ತಿ ಒತ್ತಿ ಬಿಡುತ್ತಿತ್ತು, ಇಲ್ಲದ ಬ್ರೇಕನ್ನು ಹುಡುಕುವಂತೆ. ಬಸ್ಸು ಓಡಿಸಿ ನಿವೃತ್ತರಾದ ಅವರನ್ನು ಓಣಿಯವರೆಲ್ಲ ಡ್ರೈವರ್ ಮಾಮಾ ಎನ್ನುತ್ತಿದ್ದೆವು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಚಹಾ ಆರಿದ್ದರೆ ಕಪ್ಪನ್ನು ಹಾಗೇ ಆಚೆ ದೂಡುವರು. ನನ್ನ ತಾಯಿಯೊಡನೆ ಮಾತ್ರ ‘ತಂಗೆವ್ವ’ ಎಂದು ಮೆತ್ತಗೆ ಮಾತಾಡುತ್ತಿದ್ದರು.

ಕದರಮಂಡಲಗಿ ದಾಟಿದ ಮೇಲೆ ನಮ್ಮೂರು. ತಾಯಿಯ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹಾವೇರಿಗೆ ಹೋಗಬೇಕಾಗಿತ್ತು. ಒಂದು ದಿನ ಮಾಮಾ ಕೂಡ ಕಣ್ಣು ತೋರಿಸಲೆಂದು ನಮ್ಮ ಜೊತೆ ಹೊರಟಿದ್ದರು. ಬಸ್ಸು ಬಂತು, ನಿಧಾನವಾಯಿತು, ಕೋಲು ಹಿಡಿದ ಇಬ್ಬರನ್ನು ನೋಡಿ ಹಾಗೇ ಮುಂದೆ ಹೋಯಿತು.

“ಕೈ ಮಾಡಿದ್ದು ಕಾಣಲಿಲ್ಲೇನೋ ಅಣ್ಣಾ,” ಎಂದಳು ತಾಯಿ.

“ಕಂಡೈತಿ ತಂಗೆವ್ವ. ನನಗೂ ಕಾಣ್ತಿತ್ತು. ಮುದುಕರು ಹತ್ತಾಕ ಹೊತ್ತು ಹಿಡೀತೈತಂತ ನಾನೂ ಹಿಂಗ ಬಿಟ್ಟು ಹೋಗ್ತಿದ್ದೆ.”

ಮುಂದಿನ ಬಸ್ಸು ಹಿಡಿದು ಹೋದಾಗ, ಮಾಮಾನ ಎಡಗಣ್ಣಿಗೆ ಪೊರೆ ಬಂದಿದೆ ಎಂದರು ಹಾವೇರಿಯ ಡಾಕ್ಟರು.

ಬ್ಯಾಡಗಿಯಲ್ಲಿ ಒಂದು ಸಂಘದವರು ಪೇಟೆಯ ವಯಸ್ಸಾದವರಿಗಾಗಿ, ಫೋನ್ ಮಾಡಿದರೆ ಬರುವ ಒಂದು ವ್ಯಾನ್ ಇಟ್ಟಿದ್ದರು. ಅದು ಹಳ್ಳಿಗೂ ಬರಲೆಂದು ಕೇಳಲು ಮಾಮಾ ನನ್ನನ್ನು ಕರೆದುಕೊಂಡು ಹೋದರು. “ಆತ್ರಿ, ಮೇನ್ ರೋಡಿನ ತನಕ ಕಳಸ್ತೇವಿ,” ಎಂದರು ಸಂಘದವರು.

“ಮೇನ್ ರೋಡಿಗೆ ನಡಕೊಂಡು ಬರೂ ಹಂಗಿದ್ರ ನಿಮ್ಮನ್ನ ಯಾಕ ಕೇಳ್ತಿದ್ವಿ? ಬಾಗಲಕ್ಕ ಬರ್ಬೇಕ್ರಿ.”

ಮತ್ತೆ ಮತ್ತೆ ಹೋಗಿ ಜಗಳಾಡಿದರು. ಕೊನೆಗೆ ವ್ಯಾನ್ ಓಣಿಯೊಳಗೇ ಬಂತು. ಹತ್ತಲು ಎತ್ತರವಾಯಿತೆಂದು ಮಾಮಾ ಬಡಿಗನಿಂದ ಒಂದು ಮಣೆ ಮಾಡಿಸಿ ಅದರಲ್ಲಿಟ್ಟರು. ಎಷ್ಟೋ ಕಾಲದಿಂದ ಊರು ಬಿಟ್ಟು ಕದಲದಿದ್ದ ಮುದುಕ ಮುದುಕಿಯರು ಆಸ್ಪತ್ರೆಗೆ, ಬ್ಯಾಂಕಿಗೆ, ರಾಣೆಬೆನ್ನೂರಿನ ಮಗಳ ಮನೆಗೆ ಹೊರಟರು.

ಬೇಸಿಗೆಯಲ್ಲಿ ವ್ಯಾನಿನ ಚಾಲಕ ಗಾಡಿಯನ್ನು ಓಣಿಯಲ್ಲೇ ನಿಲ್ಲಿಸಿ, ಕೀಲಿಯನ್ನು ಮಾಮಾನ ಕೈಗಿಟ್ಟು ಕೆಲಸ ಬಿಟ್ಟ. ತಾಯಿಗೆ ಡಯಾಲಿಸಿಸ್‌ನ ಒಂದು ಸರದಿ ತಪ್ಪಿತು. ಕಾಲು ಬಾತು, ಉಸಿರು ಹಿಡಿಯತೊಡಗಿತು. ಮಾಮಾನ ಎಡಗಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ, ಲೈಸೆನ್ಸ್ ಎಂದೋ ಮುಗಿದಿತ್ತು. ಆದರೂ ಸ್ಟೇರಿಂಗ್ ಹಿಡಿದು ಕೂತೇಬಿಟ್ಟರು.

“ನೀ ಬಾಜೂಕ ಕುಂದ್ರ ಮಗಳ. ಎಡಕ್ಕ ಏನರ ಬಂದ್ರ ಹೇಳು.”

ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಎಡಕ್ಕೆ ಬಂದ ಸೈಕಲ್ಲು, ಎಮ್ಮೆ ಎಲ್ಲವನ್ನೂ ನಾನು ಕೂಗಿ ಹೇಳುತ್ತಿದ್ದೆ. ಅಂಥದರಲ್ಲೂ ದಾರಿಯಲ್ಲಿ ಒಬ್ಬ ಅಜ್ಜಿ ಕೈ ಮಾಡಿದ್ದನ್ನು ಕಂಡು ಗಾಡಿ ನಿಲ್ಲಿಸಿದರು.

“ಮಾಮಾ, ಅವ್ವಗ ಉಸರು ಆಡವಲ್ದು!”

“ಗೊತ್ತೈತಿ,” ಎಂದರು. ಅಜ್ಜಿ ಹತ್ತಿ, ಕೂತ ಮೇಲೆಯೇ ಹೊರಟರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ತಾಯಿ ಆ ದಿನ ಉಳಿದಳು. ಸುದ್ದಿ ತಿಳಿದ ಸಂಘದವರು ಬಂದು, ಮಾಮಾನಿಗೆ ಬೈದು, ಗಾಡಿ ಒಯ್ದರು. ಬೇರೆ ಚಾಲಕ ಸಿಗಲಿಲ್ಲ. ವ್ಯಾನ್ ಬ್ಯಾಡಗಿಯಲ್ಲೇ ನಿಂತುಬಿಟ್ಟಿತು. ಮಳೆಗಾಲದಲ್ಲಿ ಒಂದೊಂದೇ ಸರದಿ ತಪ್ಪುತ್ತ ತಪ್ಪುತ್ತ ತಾಯಿ ತೀರಿಕೊಂಡಳು.

ಸಂಘದವರನ್ನು ಇನ್ನೊಮ್ಮೆ ಕೇಳುತ್ತೇನೆಂದು ಮಾಮಾ ಹೊರಟ ದಿನ ಬಸ್ಸೇನೋ ನಿಂತಿತು. ಆದರೆ ಮೆಟ್ಟಿಲು ಎತ್ತರ. ಜಾರಿ ಬಿದ್ದು ಸೊಂಟ ಮುರಿಯಿತು, ಮತ್ತೆ ಏಳಲಿಲ್ಲ. ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ, “ತಂಗೆವ್ವನ್ನ ಕಡೀತನಕ ಮುಟ್ಟಸಾಕ ಆಗಲಿಲ್ಲ, ಮಗಳ,” ಎಂದರು.

ಆ ಬೇಸಿಗೆಯ ನಂತರ ತಾಯಿಯ ಜೊತೆ ನನಗೆ ಸಿಕ್ಕ ದಿನಗಳೆಲ್ಲ ಅವರು ಕೊಟ್ಟವು. ಹಾಗೆಂದು ಹೇಳಬೇಕೆಂದುಕೊಂಡೆ. ಅದರ ಬದಲು ಪಕ್ಕದಲ್ಲಿ ಆರಿದ್ದ ಚಹಾವನ್ನು ಬಿಸಿ ಮಾಡಿ ತಂದಿಟ್ಟೆ.

ಅವರು ತೀರಿಕೊಂಡಾಗ ಮಣ್ಣಿಗೆ ನೆಂಟರು, ಓಣಿಯ ನಾವು ಹೋಗಿದ್ದೆವು. ವ್ಯಾನಿನಲ್ಲಿ ಓಡಾಡಿದ್ದ ಮುದುಕರಲ್ಲಿ ಒಬ್ಬರೂ ಬಂದಿರಲಿಲ್ಲ. ರುದ್ರಭೂಮಿ ಊರಾಚೆ ಇದೆ. ಅಷ್ಟು ದೂರ ಅವರಿಗೆ ನಡೆಯಲಾಗುವುದಿಲ್ಲ.