ಚಿಗವ್ವ ನೇಯ್ದ ಕರಿ ಸೀರೆ

ಚಿಗವ್ವನ ಮೊಣಕೈಗಳು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು. ಕೆಂಪಗೆ ದಪ್ಪಗಾದ ಚರ್ಮ, ಅದರ ಮೇಲೆ ಬಿಳಿ ಹೊಪ್ಪಳಿಕೆ. ಗಜೇಂದ್ರಗಡದ ಮನೆಯಲ್ಲಿ ಅವಳು ಮಗ್ಗದ ಕುಣಿಗೆ ಇಳಿದು ಕೂತರೆ, ಗಿಡ್ಡ ತೋಳಿನ ಕುಪ್ಪಸದಿಂದ ಆ ಮೊಣಕೈಗಳೇ ಮೊದಲು ಕಾಣುತ್ತಿದ್ದವು. ನಾಲ್ಕು ಜನ ನೋಡಲಿ ಎಂದೋ, ಸೆಕೆಗೋ, ನನಗೆ ಈಗಲೂ ಗೊತ್ತಿಲ್ಲ.

ನಮ್ಮವ್ವನ ತಂಗಿ ಅವಳು. ಈ ಚರ್ಮರೋಗ, ಸೋರಿಯಾಸಿಸ್, ಅವ್ವನನ್ನು ಬಿಟ್ಟು ಅವಳಿಗೆ ಬಂತು, ಆಮೇಲೆ ಎಂ.ಎ. ಓದುವಾಗ ನನಗೆ. ಅವಳದರ ಮುಂದೆ ನನ್ನದು ಕಾಲು ಭಾಗವೂ ಅಲ್ಲ. ಆದರೂ ಉದ್ದ ತೋಳು ತೊಟ್ಟವಳು ನಾನು.

ಹಗಲು ಅವಳು ಮುಲಾಮು ಮುಟ್ಟುತ್ತಿರಲಿಲ್ಲ. ಜಿಡ್ಡು ಎಳೆಗೆ ತಾಗಿದರೆ ಸೀರೆ ಕೆಡುತ್ತದೆ. ಸಂಜೆ ಕುಣಿಯಿಂದ ಮೇಲೆ ಬಂದು ಕಟ್ಟೆಯ ಮೇಲೆ ಕೂತು ಕೈ ಚಾಚುತ್ತಿದ್ದಳು. ಅವಳ ಗಂಡ, ನಮ್ಮ ಕಾಕಾ, ಓಣಿಯವರ ಜೊತೆ ಹರಟುತ್ತಲೇ ಹಚ್ಚುತ್ತಿದ್ದ.

"ನಿಮ್ಮ ಚಿಗವ್ವ ಕುಂತಲ್ಲೆಲ್ಲಾ ರವಾ ಉದುರಸ್ತಾಳ ನೋಡು," ಎನ್ನುತ್ತಿದ್ದ ನನಗೆ.

"ಹಂಗಾರ ಉಪ್ಪಿಟ್ಟ ಮಾಡ್ಕೊಂಡ ತಿನ್ರಿ," ಎನ್ನುತ್ತಿದ್ದಳು ಅವಳು.

ಇಬ್ಬರೂ ನಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ನರಗುಂದಕ್ಕೆ ನನ್ನನ್ನು ಕೊಟ್ಟ ವರ್ಷ, ಮೊದಲ ಸಂಕ್ರಾಂತಿಗೆಂದು ಅವಳೇ ನನಗೆ ಕರಿ ಒಡಲಿನ ಚಂದ್ರಕಾಳಿ ಸೀರೆ ನೇಯ್ದಳು. ನಮ್ಮ ಕಡೆ ಹೊಸದಾಗಿ ಮದುವೆಯಾದವಳು ಅವತ್ತು ಕರಿ ಸೀರೆ ಉಡಬೇಕು. ಆದರೆ ಕರಿ ಬಟ್ಟೆಯ ಮೇಲೆ ತಲೆಯಿಂದ ಉದುರುವ ಒಂದೊಂದು ಹೊಟ್ಟೂ ಎದ್ದು ಕಾಣುತ್ತದೆ. ಗಂಡನಿಗೆ ನಾನು ಇದು ಮೈಯ ಉಷ್ಣ ಎಂದಷ್ಟೇ ಹೇಳಿದ್ದೆ. ಹಬ್ಬದ ದಿನ ಹೊಳೆಆಲೂರಿನ ಹೊಳೆದಂಡೆಯಲ್ಲಿ ಎರಡೂ ಮನೆಯವರು ಬುತ್ತಿ ಬಿಚ್ಚಿದಾಗ ನಾನು ಹಸಿರು ಸೀರೆಯಲ್ಲಿದ್ದೆ.

"ಯಾಕವ್ವಾ, ನನ್ನ ಸೀರಿ ಚುಚ್ಚತೈತೇನು?"

"ಕರೇದು ನನಗ ಒಪ್ಪಂಗಿಲ್ಲ, ಚಿಗವ್ವಾ."

ಅವಳು ನನ್ನ ಉದ್ದ ತೋಳನ್ನು ನೋಡಿದಳು. ತಾನು ಕರಿ ಸೀರೆಯನ್ನೇ ಉಟ್ಟಿದ್ದಳು. ನನ್ನ ಗಂಡನ ಎದುರಿಗೇ ಕಾಕಾನ ಕಡೆ ಹೆಗಲು ಚಾಚಿ, "ಏನ್ರಿ, ಸ್ವಲ್ಪ ಝಾಡಸ್ರಿ," ಎಂದಳು. ಕಾಕಾ ಊಟ ನಿಲ್ಲಿಸದೆ ಎಡಗೈಯಿಂದ ಹೊಟ್ಟು ಝಾಡಿಸಿದ. ಆಮೇಲೆ ಅವಳು ನನ್ನ ಗಂಡನಿಗೆ ಹೇಳಿದಳು: "ಅಂಟೂ ರೋಗ ಅಲ್ರಿ ಇದು. ಬಿಟ್ಟ ಹೋಗೂದೂ ಇಲ್ಲ. ನಮ್ಮ ಇವರಂಗ."

ನನ್ನ ಪರವಾಗಿ ಮಾತು ತೆಗೆದಳು ಎಂದು ಇವತ್ತು ಅನ್ನಿಸುತ್ತದೆ. ಅವತ್ತಿನ ದಿನಚರಿಯಲ್ಲಿ ಇರುವುದು ಒಂದೇ ಸಾಲು: "ಚಿಗವ್ವ ಮೆರೆದಳು." ಅವಳ ಕರುಣೆಯನ್ನು ನನ್ನ ನೆನಪು ಆಮೇಲೆ ಸೇರಿಸಿಕೊಂಡಿರಬಹುದು. ನನ್ನ ಹೊಟ್ಟೆಕಿಚ್ಚಂತೂ ಕೈಬರಹದಲ್ಲೇ ಇದೆ.

ಗಂಡನಿಗೆ ಗೊತ್ತಾಗದೆ ಇರಲಿಲ್ಲ. ಒಂದೇ ಮನೆಯಲ್ಲಿ ಎಷ್ಟು ದಿನ ಮುಚ್ಚಿಡಲಾದೀತು? ಆದರೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ವರ್ಷಗಳು ಹಾಗೇ ಹೋದವು.

ಹೋದ ಮಳೆಗಾಲದಲ್ಲಿ ಚಿಗವ್ವ ಎದೆನೋವಿನಿಂದ ತೀರಿಕೊಂಡಳು. ಹೆಣ ಎತ್ತುವ ಮುಂಚೆ, ಹಾಡಹಗಲೇ, ಕಾಕಾ ಅವಳ ಮೊಣಕೈಗಳಿಗೆ ಮುಲಾಮು ಹಚ್ಚಿದ. "ಇವತ್ತ ಮಗ್ಗಕ್ಕ ಕೂಡೂದಿಲ್ಲಲ್ಲ," ಎಂದ. ಅವಳ ಹೆಣದ ಮುಂದೆ ನಿಂತೂ ನನಗೆ ಅಸೂಯೆಯಾಯಿತು. ಬರೆಯಲು ನಾಚಿಕೆ, ಆದರೆ ಆಯಿತು.

ಈ ಸಂಕ್ರಾಂತಿಗೆ ಟ್ರಂಕಿನಿಂದ ಆ ಕರಿ ಸೀರೆ ತೆಗೆದು ಉಟ್ಟೆ. ಹೊರಡುವಾಗ ಗಂಡನ ಕಡೆ ಹೆಗಲು ತಿರುಗಿಸಿ, "ಏನ್ರಿ, ಸ್ವಲ್ಪ ಝಾಡಸ್ರಿ," ಎಂದೆ. ಅವಳಷ್ಟು ಸಲೀಸಾಗಿ ಬರಲಿಲ್ಲ.

"ತಡಿ," ಎಂದು ಅವರು ಒಳಗೆ ಹೋದರು. ಕನ್ನಡಕ ಹಾಕಿಕೊಂಡು ಬಂದರು.